ಕಡೇ ದಿನದ ಕ್ಯೂ ಯಾರಿಗೆ ಬೇಕು?

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ರಸ್ತೆಯ ವಾಟ್ಸಾಪ್ ಗುಂಪಿಗೆ ಹತ್ತು ನಿಮಿಷದ ಅಂತರದಲ್ಲಿ ಎರಡು ಮೆಸೇಜು ಬಂದವು. ಮೊದಲನೇದು ಹೆಬ್ಬಾಳದ ಕಿತ್ತಯ್ಯನ ಕಲ್ಲಿನ ಫೋಟೋ, ಕೆಳಗೆ ನಮ್ಮ ಪರಂಪರೆ ನಮ್ಮ ಹೆಮ್ಮೆ ಅಂತ. ಎರಡನೇದು, ಮೂಲೇಲಿ ಸೊಪ್ಪು ಮಾರೋ ಅಜ್ಜೀನ ಫುಟ್‌ಪಾತಿಂದ ಎಬ್ಬಿಸಬೇಕು, ಅರ್ಜಿಗೆ ಎಲ್ಲರೂ ಸಹಿ ಹಾಕಿ ಅಂತ. ಎರಡಕ್ಕೂ ಅದೇ ಜನ ಅದೇ ಕೈಮುಗಿಯೋ ಚಿತ್ರ ಒತ್ತಿದ್ದರು. ನಾನು ಸಹಿ ಹಾಕಲಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ ಗೇಟಿನ ಹತ್ರ ನಿಂತು ಹೇಳೋಕಾಗಲ್ಲ, ಒಲೆ ಮೇಲೆ ಹಾಲಿರತ್ತೆ. ಅದಕ್ಕೇ ಇಲ್ಲಿ ಬರೀತಿದೀನಿ.

ಮೊದಲು ಕಿತ್ತಯ್ಯನ ವಿಷಯ. ನಮ್ಮ ಗಂಗಾನಗರದಿಂದ ಬಳ್ಳಾರಿ ರಸ್ತೆ ಹಿಡಿದು ಸ್ವಲ್ಪ ಮುಂದೆ ಹೋದರೆ ಹೆಬ್ಬಾಳ. ಅಲ್ಲಿ 2018ರಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು 750ನೇ ಇಸವಿಯದು. ಬೆಂಗಳೂರಲ್ಲಿ ಸಿಕ್ಕಿರೋ ಅತಿ ಹಳೇ ಕನ್ನಡ ಶಾಸನಗಳಲ್ಲಿ ಅದೂ ಒಂದು. ಊರಿನ ಮೇಲೆ ದಾಳಿ ಆದಾಗ ಕಾದಾಡಿ ಸತ್ತ ಕಿತ್ತಯ್ಯ ಅನ್ನೋನ ನೆನಪಿನ ಕಲ್ಲು. ಅದರಲ್ಲಿ ಹೆಬ್ಬಾಳದ ಹಳೇ ಹೆಸರಿದೆ, ಪೆರ್ಬೊಳಲ್ ಅಂತ. ಪೆರ್ ಅಂದ್ರೆ ದೊಡ್ಡದು, ಪೊಳಲ್ ಅಂದ್ರೆ ಪಟ್ಟಣ. ಪಾಲು ಹಾಲಾದ ಹಾಗೆ ಪೆರ್ಬೊಳಲ್ ಹೆಬ್ಬಾಳ ಆಯ್ತು. ಊರಿನವರು, ಶಾಸನದ ಹುಚ್ಚಿರೋರು ಸೇರಿ ಕಲ್ಲಿಗೊಂದು ಮಂಟಪ ಕಟ್ಟಿದರು. ಒಳ್ಳೇ ಕೆಲಸ, ನನಗೂ ಹೆಮ್ಮೆ ಇದೆ.

ಆದ್ರೆ ಆ ಕಲ್ಲು ಏನು ಹೇಳ್ತಿದೆ ಅಂತ ಒಂದು ಸಲ ಯೋಚನೆ ಮಾಡಿ. ಅದು ರಾಜನ ಕಲ್ಲಲ್ಲ. ರಾಜನ ಹೆಸರು ಕಾಲ ಗೊತ್ತಾಗಲಿ ಅಂತ ಇದೆ ಅಷ್ಟೆ. ಊರು ಉಳಿಸೋಕೆ ಹೋಗಿ ಸತ್ತ ಒಬ್ಬ ಊರಿನವನ ಕಲ್ಲು ಅದು. ನಮ್ಮ ಆ ಕಡೆ, ಮೇಖ್ರಿ ಸರ್ಕಲ್ ಹತ್ರ, ಕೆಂಪೇಗೌಡರ ಹೆಸರಿನ ಗಡಿಗೋಪುರ ಇದೆಯಲ್ಲ, ಲಾಲ್‌ಬಾಗ್, ಹಲಸೂರು, ಕೆಂಪಾಂಬುಧಿ ಕೆರೆ ಹತ್ರ ಇರೋದರ ಜೊತೆಯದು, ಅದೂ ಅಷ್ಟೇ. ಗೋಪುರ ಕಟ್ಟಿಸಿದ್ದು ಗೋಪುರ ನೋಡ್ಲಿ ಅಂತ ಅಲ್ಲ, ಒಳಗೊಂದು ಊರಿದೆ ಅಂತ ತೋರಿಸೋಕೆ. ಆ ಊರಿನ ಪೇಟೆಗಳ ಹೆಸರೇ ನೋಡಿ: ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ರಾಗಿಪೇಟೆ. ಕೊಡೋರು ಕೊಳ್ಳೋರು ಇಲ್ಲದಿದ್ರೆ ಗೋಪುರ ಇಟ್ಕೊಂಡು ಏನು ಮಾಡೋದು?

ಈಗ ನನ್ನ ತಪ್ಪನ್ನೂ ಹೇಳ್ಕೊಂಡುಬಿಡ್ತೀನಿ. ನಮ್ಮನೆ ಹಿಂದಿನ ಅಡ್ಡರಸ್ತೇಲಿ ಒಂದು ಹಿಟ್ಟಿನ ಗಿರಣಿ ಇದೆ. ನಾನು ಮದುವೆಯಾಗಿ ಬಂದಾಗ ನಮ್ಮತ್ತೆ ನನಗೆ ಮೊದಲು ತೋರಿಸಿದ್ದು ದೇವಸ್ಥಾನ, ಆಮೇಲೆ ಆ ಗಿರಣಿ. ರಾಗಿ ತೊಳೆದು ಒಣಗಿಸಿ, ಡಬ್ಬಕ್ಕೆ ಹಾಕಿ, ಮೇಲೆ ಬಟ್ಟೆ ಕಟ್ಟಿ ಕೊಟ್ಟರೆ ಸಂಜೆಗೆ ಹಿಟ್ಟು. ಸಾರಿನ ಪುಡಿಗೆ ಬೇರೆ ಮಿಷಿನ್ನು. ಖಾರ ಹಾಕೋ ಮುಂಚೆ ಹಿಂದಿನವರ ಪುಡಿ ಹೋಗಲಿ ಅಂತ ನಮ್ಮದೇ ಒಂದು ಹಿಡಿ ಅಕ್ಕಿ ಬಿಟ್ಟು ತೆಗೀತಾರೆ. ಅತ್ತೆಗೆ ರೊಟ್ಟಿಗೆ ಬೇರೆ ತರಿ, ಮುದ್ದೆಗೆ ಬೇರೆ ತರಿ. ಗಿರಣಿಯವರು ಕೇಳ್ತಾನೇ ಇರಲಿಲ್ಲ, ಡಬ್ಬ ನೋಡಿದ್ರೆ ಅವರಿಗೆ ಗೊತ್ತಾಗ್ತಿತ್ತು.

ಅತ್ತೆಗೆ ಮಂಡಿನೋವು ಬಂದ ಮೇಲೆ ನಾನು ಪ್ಯಾಕೆಟ್ ಹಿಟ್ಟು ತರಿಸೋಕೆ ಶುರು ಮಾಡಿದೆ. ಹತ್ತೇ ನಿಮಿಷಕ್ಕೆ ಬಾಗಿಲಿಗೆ ಬರತ್ತಲ್ಲ. ಮೂರು ವರ್ಷ ಆ ಕಡೆ ತಲೆ ಹಾಕಲಿಲ್ಲ. ಹೋದ ತಿಂಗಳು ಸಾರಿನ ಪುಡಿ ಮಾಡಿಸೋಕೆ ಹೋದ್ರೆ, "ಏನಕ್ಕಾ, ಊರಲ್ಲಿರಲಿಲ್ವಾ?" ಅಂದರು. ಊರಲ್ಲೇ ಇದ್ದೆ, ಇನ್ನೂರು ಹೆಜ್ಜೆ ದೂರದಲ್ಲಿ. ನಾಚಿಕೆ ಆಯ್ತು. ಬಾಡಿಗೆ ಏರಿಸ್ತಾರಂತೆ, ಯುಗಾದಿವರೆಗೆ ನೋಡಿ ಮುಚ್ಚಿಬಿಡ್ತೀನಿ ಅಂದರು. ಮನೆಗೆ ಬಂದು ಹೇಳಿದರೆ ಅತ್ತೆ ಮಾತೇ ಆಡಲಿಲ್ಲ. ರಾತ್ರಿ ಮುದ್ದೆ ಮುರಿಯುವಾಗ, "ಅವನನ್ನ ಮುಚ್ಚಿಸಿದ್ದು ಬಾಡಿಗೆ ಅಲ್ಲ ಕಣೇ, ನಾವು" ಅಂದರು.

ನಮಗೆ ಅಂಗಡಿ ಮುಚ್ಚೋ ದಿನ ಮಾತ್ರ ಪ್ರೀತಿ ಉಕ್ಕತ್ತೆ. ಮಲ್ಲೇಶ್ವರದ ಸಂಪಿಗೆ ರಸ್ತೇಲಿ ನ್ಯೂ ಕೃಷ್ಣ ಭವನ ಇತ್ತಲ್ಲ, 1954ರಲ್ಲಿ ಶುರುವಾಗಿದ್ದು, 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಕೊನೇ ದಿನಗಳಲ್ಲಿ ಜನ ನುಗ್ಗಿದರು. ನಾವೂ ಹೋಗಿದ್ವಿ, ಬಟನ್ ಇಡ್ಲಿಗೆ ಕಾದು ನಿಂತ್ವಿ, ಫೋಟೋ ತೆಗೆಸ್ಕೊಂಡ್ವಿ. ಅದಕ್ಕೆ ಮುಂಚೆ ಯಾವಾಗ ಹೋಗಿದ್ವಿ ಅಂತ ನಮ್ಮನೆಯವರನ್ನ ಕೇಳಿದ್ರೆ ಅವರಿಗೂ ನೆನಪಿಲ್ಲ. ವಿದ್ಯಾರ್ಥಿ ಭವನ 1943ರದ್ದು, ಎಂಟಿಆರ್ 1924ರದ್ದು ಅಂತ ಹೆಮ್ಮೆಯಿಂದ ಹೇಳ್ತೀವಿ. ಅವೇನು ಹುಟ್ಟುವಾಗಲೇ ಪರಂಪರೆ ಆಗಿದ್ವಾ? ಅವೂ ಒಂದು ಕಾಲಕ್ಕೆ ಅಕ್ಕಪಕ್ಕದವರಿಗೆ ತಿಂಡಿ ಕಾಫಿ ಕೊಡೋ ಜಾಗಗಳೇ. ಜನ ಬಿಡದೆ ಹೋದ್ರು, ಅದಕ್ಕೇ ಹಳೇವಾದ್ವು. ಕಲ್ಲು ಮಣ್ಣಲ್ಲಿ ಹೂತಿದ್ರೂ ಸಾವಿರ ವರ್ಷ ಇರತ್ತೆ. ಅಂಗಡಿ ಹಾಗಲ್ಲ, ಮೂರು ವರ್ಷ ನಾನು ಹೋಗದಿದ್ರೆ ಸಾಕು.

ಈಗ ಸೊಪ್ಪಿನಜ್ಜಿ ವಿಷಯ. ಫುಟ್‌ಪಾತಲ್ಲಿ ವಯಸ್ಸಾದವರು ಓಡಾಡೋಕೆ ಆಗಲ್ಲ ಅಂತೀರಿ. ಒಪ್ತೀನಿ, ನಮ್ಮತ್ತೇನೂ ಅಲ್ಲೇ ಓಡಾಡ್ತಾರೆ. ಆದ್ರೆ ಒಂದು ದಿನ ನಿಂತು ನೋಡಿ. ಅಜ್ಜಿಯ ಬುಟ್ಟಿ ಒಂದು ಮಣೆಯಷ್ಟು ಜಾಗ ಹಿಡಿಯತ್ತೆ, ಬೆಳಿಗ್ಗೆ ಹತ್ತಕ್ಕೆಲ್ಲ ಎದ್ದು ಹೋಗ್ತಾರೆ. ಅದೇ ಫುಟ್‌ಪಾತಿನ ಮೇಲೆ ಎರಡು ಚಕ್ರ ಹತ್ತಿಸಿ ನಿಲ್ಲಿಸಿರೋ ಕಾರುಗಳು ಹಗಲೂ ರಾತ್ರಿ ಅಲ್ಲೇ ಇರತ್ವೆ. ಅದರ ಮೇಲೆ ಅರ್ಜಿ ಯಾಕಿಲ್ಲ? ಅರ್ಜಿ ಬರೆದವರದ್ದೇ ಕಾರು ಅಂತಾನಾ?

ಇನ್ನೊಂದು ಮಾತು. 2014ರಲ್ಲಿ ಬೀದಿ ವ್ಯಾಪಾರಿಗಳಿಗೆ ಅಂತಾನೇ ಕೇಂದ್ರದ ಕಾಯಿದೆ ಬಂದಿದೆ. ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡೋ ತನಕ ವ್ಯಾಪಾರಿಗಳನ್ನ ಎಬ್ಬಿಸೋ ಹಾಗಿಲ್ಲ. ಎಬ್ಬಿಸಬೇಕಾದ್ರೂ 30 ದಿನದ ನೋಟಿಸ್ ಕೊಡಬೇಕು. 50 ವರ್ಷ ಮೀರಿ ನಡೆದು ಬಂದ ಬೀದಿ ಮಾರುಕಟ್ಟೆನ ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು ಅಂತಾನೂ ಅದರಲ್ಲಿದೆ. ನೋಡಿ, ಬುಟ್ಟಿ ಇಟ್ಕೊಂಡು ಕೂರೋದೂ ಪರಂಪರೆ ಅಂತ ಕಾನೂನಿಗೇ ಗೊತ್ತು, ನಮ್ಮ ಗುಂಪಿಗೆ ಗೊತ್ತಿಲ್ಲ. ನಮ್ಮ ಅಜ್ಜಿ ಕೂರೋಕೆ ಶುರು ಮಾಡಿ 50 ವರ್ಷ ಆಗಿಲ್ಲ, ನಿಜ. ಇವತ್ತು ಎಬ್ಬಿಸಿದ್ರೆ ಯಾವತ್ತೂ ಆಗಲ್ಲ.

ದುಬಾರಿ ಅಂತೀರಾ? ಇರಬಹುದು, ಎರಡು ರೂಪಾಯಿ. ಚೌಕಾಸಿ ಮಾಡಿ, ಯಾರು ಬೇಡ ಅಂದ್ರು? ಆ್ಯಪಿನ ಹತ್ರ ಚೌಕಾಸಿ ಮಾಡೋಕಾಗತ್ತಾ? ಎಲ್ಲಾ ಆನ್‌ಲೈನ್ ಬಿಟ್ಟುಬಿಡಿ ಅಂತಾನೂ ನಾನು ಹೇಳ್ತಿಲ್ಲ. ಕೆಲಸಕ್ಕೆ ಹೋಗೋ ಹೆಣ್ಣುಮಕ್ಕಳಿಗೆ ಅದರಿಂದ ಎಷ್ಟು ಅನುಕೂಲ ಅಂತ ನನ್ನ ನಾದಿನೀನ ನೋಡಿ ಗೊತ್ತು. ವಾರಕ್ಕೆ ಮೂರು ಸಾಮಾನು ನಡೆದು ಹೋಗಿ ತನ್ನಿ ಅಂತಿದೀನಿ ಅಷ್ಟೆ. ಹಿಟ್ಟು, ಸೊಪ್ಪು, ಹೂವು. ಗಂಡಸರಿಗೂ ಕಾಲಿದೆ, ಅವರನ್ನೂ ಕಳಿಸಿ.

ಸಂಘದವರಿಗೆ ನಾನು ಬೇರೆ ಅರ್ಜಿ ಬರೆದು ಕೊಟ್ಟಿದೀನಿ. ಫುಟ್‌ಪಾತಿಂದ ಮೊದಲು ಕಾರು ಇಳಿಸಿ. ಅಜ್ಜಿಗೆ ಪಾರ್ಕಿನ ಗೋಡೆ ಪಕ್ಕ, ದಾರಿಗೆ ಅಡ್ಡ ಆಗದ ಹಾಗೆ, ಒಂದು ಜಾಗ ಗುರುತು ಮಾಡಿ. ಗಿರಣಿ ಕಟ್ಟಡದ ಓನರ್ ನಮ್ಮ ಸಂಘದಲ್ಲೇ ಇದಾರೆ, ಅವರ ಹತ್ರ ಕೂತು ಬಾಡಿಗೆ ಮಾತಾಡಿ. ಇಲ್ಲಿವರೆಗೆ ಸಹಿ ಹಾಕಿರೋದು ನಾಲ್ಕು ಜನ, ಅದರಲ್ಲಿ ಇಬ್ಬರು ನಮ್ಮನೆಯವರೇ. ಅತ್ತೆ ಇಂಗ್ಲಿಷ್ ಅರ್ಜಿಗೆ ಸಹಿ ಹಾಕಲ್ಲ ಅಂದರು, ಕನ್ನಡದಲ್ಲಿ ಬರೆಸಿ ಹಾಕಿದರು.

ನಾಳೆ ಬೆಳಿಗ್ಗೆ ಐದು ಕೇಜಿ ರಾಗಿ ಗಿರಣಿಗೆ ಹೋಗ್ತಿದೆ. ನಿಮ್ಮ ಡಬ್ಬಾನೂ ತನ್ನಿ, ಅಲ್ಲೇ ನಿಂತು ಅರ್ಜಿಗೆ ಸಹಿ ಹಾಕಬಹುದು. ಪೆನ್ನು ನಾನು ತರ್ತೀನಿ.