ಸೊನ್ನೆ ಬಂತು ಅಂದ್ರೆ ಗಾಳಿ ಶುದ್ಧ ಅಂತಲ್ಲ

ಹೋದ ಸೆಮಿಸ್ಟರ್‌ನಲ್ಲಿ ಮಿನಿ ಪ್ರಾಜೆಕ್ಟ್‌ಗೆ ಅಂತ ನಾವು ನಾಲ್ವರು ಕೈಯಲ್ಲಿ ಹಿಡಿಯುವ ವಿಒಸಿ ಮೀಟರ್ ತಗೊಂಡು ವರ್ಕ್‌ಶಾಪಿನ ಪೇಂಟಿಂಗ್ ಮೂಲೆಗೆ ಹೋಗಿದ್ವಿ. ಥಿನ್ನರ್ ವಾಸನೆ ಮೂಗಿಗೆ ಹೊಡೀತಿತ್ತು. ಸ್ಕ್ರೀನ್ ಮೇಲೆ ಮಾತ್ರ 0.0 ಪಿಪಿಎಂ. ಮೂಲೆಯಲ್ಲಿ ಒಂದು ಚಿಹ್ನೆ ಮಿಣುಕ್ತಾ ಇತ್ತು, ಬ್ಯಾಟರಿದು ಇರ್ಬೇಕು ಅಂತ ಬಿಟ್ವಿ. ಟೇಬಲ್ ತುಂಬಾ ಸೊನ್ನೆ ಬರ್ಕೊಂಡು, ಕೊನೆಗೆ ‘ಇಲ್ಲಿನ ಗಾಳಿ ಸುರಕ್ಷಿತ’ ಅಂತ ಒಂದು ಸಾಲೂ ಸೇರಿಸಿದ್ವಿ.

ಲ್ಯಾಬ್ ಅಸಿಸ್ಟೆಂಟ್ ಅಣ್ಣ ಅದನ್ನು ನೋಡಿ ಏನೂ ಹೇಳಲಿಲ್ಲ. ವೈಟ್‌ಬೋರ್ಡ್ ಮಾರ್ಕರ್‌ನ ಕ್ಯಾಪ್ ತೆಗೆದು ಮೀಟರ್‌ನ ಮೂತಿಗೆ ಹಿಡಿದರು. ಆಗಲೂ 0.0. “ಗಾಳಿ ಚೆನ್ನಾಗಿದೆ ಅಂತಲ್ರೋ, ನಿಮ್ಮ ಮೀಟರಿಗೆ ಕಣ್ಣೇ ಬಿಟ್ಟಿಲ್ಲ” ಅಂದ್ರು.

ಆ ಕಣ್ಣೇ ಲ್ಯಾಂಪ್. ಈ ಮೀಟರ್‌ಗಳಲ್ಲಿ ಹೆಚ್ಚಾಗಿ ಇರುವುದು ಕ್ರಿಪ್ಟಾನ್ ತುಂಬಿದ 10.6 ಇಲೆಕ್ಟ್ರಾನ್ ವೋಲ್ಟಿನ ಅತಿನೇರಳೆ ಲ್ಯಾಂಪ್. ಅದರ ಬೆಳಕು ಬಿದ್ದಾಗ ಟಾಲ್ವೀನ್ (8.8), ಬೆಂಜೀನ್ (9.2) ಥರದ ಅಣುಗಳು ಇಲೆಕ್ಟ್ರಾನ್ ಕಳ್ಕೊಳ್ತವೆ, ಆ ಸಣ್ಣ ಕರೆಂಟೇ ನಮಗೆ ಸಿಗುವ ರೀಡಿಂಗ್. ಮಾಮೂಲಿ ಗಾಜು ಈ ಬೆಳಕನ್ನು ದಾಟಿಸಲ್ಲ, ಅದಕ್ಕೇ ಕಿಟಕಿ ಮೆಗ್ನೀಸಿಯಂ ಫ್ಲೋರೈಡಿನದು. ಅದರ ಮೇಲೆ ಒಂದು ಬೆರಳಚ್ಚಿನ ಜಿಡ್ಡು ಕೂತರೂ ಬೆಳಕು ಅಲ್ಲೇ ಕಟ್.

ನಮ್ಮದರಲ್ಲಿ ಎರಡೂ ತೊಂದರೆ ಇತ್ತು. ಪಂಪ್ ಸರಿ ಇದೆಯಾ ಅಂತ ಮೊದಲು ನೋಡಿದ್ವಿ: ಮೂತಿಗೆ ಬೆರಳಿಟ್ಟಾಗ ಅದರ ಸದ್ದು ಬದಲಾಯ್ತು, ಅಂದ್ರೆ ಗಾಳಿ ಎಳೀತಿದೆ. ಆಮೇಲೆ ಆಫ್ ಮಾಡಿ ಬಿಚ್ಚಿದ್ವಿ. ಲ್ಯಾಂಪ್ ಕೂರುವ ಜಾಗದ ಕಾಂಟ್ಯಾಕ್ಟ್‌ಗಳಲ್ಲಿ ಕೊಳೆ. ಅದನ್ನು ಒರೆಸಿ ಕೂರಿಸಿದ್ಮೇಲೆ ಲ್ಯಾಂಪ್ ಹತ್ತಿತು, ಮಿಣುಕೋ ಚಿಹ್ನೆ ಹೋಯ್ತು. (ಹತ್ತಿದ ಲ್ಯಾಂಪನ್ನು ನೇರ ದಿಟ್ಟಿಸಬಾರದು, ಕಣ್ಣಿಗೆ ಅಪಾಯ.) ಆದರೂ 100 ಪಿಪಿಎಂ ಐಸೋಬ್ಯುಟಿಲೀನ್ ಕೊಟ್ಟರೆ 60ರ ಆಸುಪಾಸಿನಲ್ಲೇ ನಿಂತಿತು. ನೂಲು ಬಿಡದ ಬಟ್ಟೆಗೆ ಮೆಥನಾಲ್ ಹಾಕಿ ಕಿಟಕಿ ಒರೆಸಿ, ಪೂರ್ತಿ ಒಣಗಿಸಿ, ಮತ್ತೆ ಕ್ಯಾಲಿಬ್ರೇಟ್ ಮಾಡಿದ್ಮೇಲೆ ಸರಿಯಾಯ್ತು. ಹೊಸ ಲ್ಯಾಂಪ್ ಬೇಕಾಗಲೇ ಇಲ್ಲ. ಅದೇ ಪೇಂಟಿಂಗ್ ಮೂಲೆಗೆ ವಾಪಸ್ ಹೋದ್ವಿ, ಈ ಸಲ ಒಂದು ಸೊನ್ನೆಯೂ ಬರಲಿಲ್ಲ.

ಲ್ಯಾಂಪ್ ಕೆಟ್ಟಿದ್ದು ತಪ್ಪಲ್ಲ, ಅದು ಕೆಡೋದೇ. ತಪ್ಪು ನಮ್ಮದು. ಮೂಗು ಒಂದು ಹೇಳ್ತಿತ್ತು, ಮೀಟರ್ ಇನ್ನೊಂದು ಹೇಳ್ತಿತ್ತು, ನಮಗೆ ಅನುಕೂಲ ಆಗೋದನ್ನ ನಾವು ನಂಬಿದ್ವಿ. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಕತೆ. ನಮಗೆ ಅದು ಹತ್ತು ಮಾರ್ಕ್ಸಿನ ಟೇಬಲ್, ಆ ಮೂಲೆಯಲ್ಲಿ ದಿನವಿಡೀ ಸ್ಪ್ರೇ ಹಿಡಿಯುವವರಿಗೆ ಅದು ಉಸಿರು.

ಮೀಟರ್ ಸರಿ ಇದ್ದಾಗಲೂ ಸೊನ್ನೆಗೆ ಇನ್ನೊಂದು ಅರ್ಥ ಇದೆ. ಮೀಥೇನ್‌ಗೆ 12.6, ಕಾರ್ಬನ್ ಮಾನಾಕ್ಸೈಡ್‌ಗೆ 14.0 ಬೇಕು, 10.6ರ ಲ್ಯಾಂಪಿಗೆ ಅವು ಕಾಣೋದೇ ಇಲ್ಲ. ಈ ಮೀಟರಿನ ಸೊನ್ನೆಯನ್ನು ನಂಬಿ ಯಾರನ್ನಾದರೂ ಮ್ಯಾನ್‌ಹೋಲ್ ಒಳಗೆ ಇಳಿಸಿದರೆ ಏನಾಗಬಹುದು ಅಂತ ಯೋಚಿಸಿ.

ಅದಕ್ಕೇ ನಮ್ಮ ಒತ್ತಾಯ ಇಷ್ಟು. ಲ್ಯಾಬ್ ರೆಕಾರ್ಡಿನಲ್ಲಿ ರೀಡಿಂಗ್‌ಗೂ ಮುಂಚೆ ಒಂದು ಕಾಲಂ ಇರಲಿ: ‘ಗೊತ್ತಿರುವ ಗ್ಯಾಸ್ ಕೊಟ್ಟಾಗ ಮೀಟರ್ ಎಷ್ಟು ತೋರಿಸಿತು?’ ಮಾರ್ಕರ್ ಹಿಡಿಯೋದು ಮೀಟರಿಗೆ ಜೀವ ಇದೆಯಾ ಅಂತ ನೋಡೋಕೆ ಮಾತ್ರ, ಅಳತೆ ಸರಿಯಾ ಅಂತ ಹೇಳಕ್ಕೆ ಸಿಲಿಂಡರ್ ಗ್ಯಾಸೇ ಬೇಕು. ಮೂರು ಗಂಟೆ ಲ್ಯಾಬಲ್ಲಿ ಇದಕ್ಕೆಲ್ಲ ಟೈಮೆಲ್ಲಿ ಅಂತೀರಾ? ಕ್ಯಾಂಟೀನ್‌ನಲ್ಲಿ ಟೀ ಬರೋ ಅಷ್ಟರಲ್ಲಿ ಮುಗಿಯುತ್ತೆ. ಮೇಷ್ಟ್ರುಗಳಿಗೂ ಒಂದು ಮಾತು: ಟೇಬಲ್ ಹೊಡೆದುಹಾಕಿ ‘ಲ್ಯಾಂಪ್ ಹತ್ತಿರಲಿಲ್ಲ, ಮತ್ತೆ ಅಳೆದಿದ್ದೇವೆ’ ಅಂತ ಬರೆದವರಿಗೆ ಮಾರ್ಕ್ಸ್ ಕಟ್ ಮಾಡಬೇಡಿ. ಕಟ್ ಆಗುತ್ತೆ ಅನ್ನೋ ಭಯಕ್ಕೇ ಎಷ್ಟೋ ರೆಕಾರ್ಡುಗಳು ಅಷ್ಟು ನೀಟಾಗಿರೋದು.

ನಮ್ಮ ರೆಕಾರ್ಡಿನಲ್ಲಿ ಆ ಸೊನ್ನೆಗಳ ಪುಟ ಇನ್ನೂ ಇದೆ, ಮೇಲೆ ಕೆಂಪು ಗೀಟು ಎಳೆದಿದ್ದೇವೆ. ಜೂನಿಯರ್ಸ್ ಯಾರಾದ್ರೂ ಕೇಳಿದ್ರೆ ತೋರಿಸ್ತೀವಿ.