ಕುದುರೆಯ ಮೇವಿನ ಲೆಕ್ಕ

ಒಬ್ಬ ಒಡೆಯನ ಸಂಬಳಕ್ಕೆ ಒಳಪಡದೆ ಸ್ವತಂತ್ರವಾಗಿ ದುಡಿಯುವವನನ್ನು ಇಂಗ್ಲಿಷಿನಲ್ಲಿ ‘ಫ್ರೀಲ್ಯಾನ್ಸರ್’ ಎನ್ನುತ್ತಾರೆ. ೧೮೧೯ರ ಕೊನೆಯಲ್ಲಿ ಹೊರಬಂದ ಸರ್ ವಾಲ್ಟರ್ ಸ್ಕಾಟನ ‘ಐವನ್‌ಹೋ’ ಕಾದಂಬರಿಯಲ್ಲಿ ಕೂಲಿಗಾಗಿ ಕಾದುವ ಭಟರಿಗೆ ಈ ಬಗೆಯ ಹೆಸರು ಬಂದಿದೆ. ಒಡೆಯನಿಲ್ಲದ ಈಟಿ ಎಂದು ಅದರ ಭಾವ. ಈಟಿ ಭಟನದು, ಕುದುರೆಯೂ ಅವನದೇ. ಕಾಳಗವಿದ್ದ ದಿನ ಕೂಲಿ ಉಂಟು; ಇಲ್ಲದ ದಿನವೂ ಕುದುರೆ ಮೇವು ಕೇಳದೆ ಬಿಡದು. ಇಂದಿನ ಸ್ವತಂತ್ರ ಕಸುಬುದಾರನಲ್ಲಿ ನಾವು ಕಾಣುವುದು ಈಟಿಯ ಹೊಳಪನ್ನು ಮಾತ್ರ. ಮೇವಿನ ಲೆಕ್ಕವನ್ನು ಕೇಳುವವರಿಲ್ಲ. ಕೇಳದೆ ತಪ್ಪಿದವರಲ್ಲಿ ನಾನೂ ಒಬ್ಬನೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ನಮ್ಮ ಕಾಲೇಜಿನ ಕನ್ನಡ ಸಂಘದ ಹಳೆಯ ವಾರ್ಷಿಕ ಸಂಚಿಕೆಗಳನ್ನೆಲ್ಲ ಒಂದು ಜಾಲತಾಣದಲ್ಲಿ ಸೇರಿಸಬೇಕೆಂದು ಎರಡು ವರ್ಷಗಳ ಹಿಂದೆ ನಿಶ್ಚಯಿಸಿದೆವು. ಐಚ್ಛಿಕ ಕನ್ನಡವನ್ನು ನನ್ನಲ್ಲಿಯೇ ಓದಿದ ಹುಡುಗನೊಬ್ಬ ಮನೆಯ ಮಾಳಿಗೆಯ ಕೋಣೆಯಲ್ಲಿ ಕುಳಿತು ಈ ಕೆಲಸ ಮಾಡುತ್ತಿದ್ದ. ೧೮,೦೦೦ ರೂಪಾಯಿ ಕೇಳಿದ. “ಏನಯ್ಯ, ನಿನ್ನ ಸಂಘದ ಕೆಲಸಕ್ಕೂ ಇಷ್ಟೇ?” ಎಂದು ನಾನು ೧೨,೦೦೦ಕ್ಕೆ ಇಳಿಸಿದೆ. ಗುರುವಿನ ಮಾತಿಗೆ ಅವನು ಎದುರಾಡಲಿಲ್ಲ. ಆ ಹಣವೂ ಅವನ ಕೈ ಸೇರಿದ್ದು ಆರು ತಿಂಗಳ ಮೇಲೆ.

ಕೆಲಸ ಸುಲಭವಾಗಿರಲಿಲ್ಲ. ಸಂಚಿಕೆಗಳ ಬರಹ ಹಳೆಯ ‘ನುಡಿ’ಯ ಸಂಕೇತಕ್ರಮದಲ್ಲಿತ್ತು. ಅದನ್ನು ಯೂನಿಕೋಡಿಗೆ ತಿರುಗಿಸಿದಾಗ ಒತ್ತಕ್ಷರಗಳೂ ಅರ್ಕಾವತ್ತುಗಳೂ ಅಲ್ಲಲ್ಲಿ ಸ್ಥಾನಪಲ್ಲಟಗೊಂಡವು. ಹುಡುಗ ಸಾಲುಸಾಲಾಗಿ ಓದಿ ತಿದ್ದಿದ. ಒಟ್ಟು ಅರವತ್ತು ಗಂಟೆಗಳ ದುಡಿಮೆ.

ಮೊನ್ನೆ ಅವನ ಮನೆಗೆ ಹೋಗಿದ್ದಾಗ ಮೇಜಿನ ಮೇಲೆ ಲೆಕ್ಕದ ಪುಸ್ತಕವಿತ್ತು. ಕೇಳಿ ನೋಡಿದೆ. ಹಿಂದಿನ ವರ್ಷ ಅವನು ಬರೆದ ಬಿಲ್ಲುಗಳ ಮೊತ್ತ ೪,೨೦,೦೦೦ ರೂಪಾಯಿ. ಇದರಲ್ಲಿ ೬೦,೦೦೦ ಬಾರದೆ ನಿಂತಿದೆ. ಇನ್ನು ಖರ್ಚು: ಗಣಕಯಂತ್ರದ ಸವಕಳಿ ೨೦,೦೦೦, ಇಂಟರ್ನೆಟ್ ೧೨,೦೦೦, ವಿದ್ಯುತ್ತು, ಬ್ಯಾಟರಿ ೧೨,೦೦೦, ಸಾಫ್ಟ್‌ವೇರ್ ಚಂದಾ ೨೬,೦೦೦, ಸರ್ವರ್ ಬಾಡಿಗೆ ಮತ್ತು ಡೊಮೇನ್ ಹೆಸರುಗಳ ನವೀಕರಣ ೧೦,೦೦೦, ಫೋನು, ಓಡಾಟ ೧೫,೦೦೦, ತೆರಿಗೆಯ ಲೆಕ್ಕ ಬರೆಯುವವರಿಗೆ ೫,೦೦೦. ಒಟ್ಟು ಒಂದು ಲಕ್ಷ. ಉಳಿದದ್ದು ೨,೬೦,೦೦೦, ತಿಂಗಳಿಗೆ ೨೧,೬೬೬. ಇದರಲ್ಲಿ ರಜೆಯ ಸಂಬಳವಿಲ್ಲ, ಭವಿಷ್ಯನಿಧಿಯಿಲ್ಲ, ಜ್ವರ ಬಂದ ವಾರಕ್ಕೆ ಕಾಸಿಲ್ಲ.

“ದಿನಕ್ಕೆ ಎಂಟು ಗಂಟೆ ಕೂರುತ್ತೇನೆ ಸಾರ್, ಬಿಲ್ಲಿಗೆ ಬರುವುದು ನಾಲ್ಕೇ. ಮಿಕ್ಕದ್ದು ಗಿರಾಕಿಗಳ ಜೊತೆ ಮಾತಿಗೆ, ಹೊಸದನ್ನು ಕಲಿಯುವುದಕ್ಕೆ, ಬಾಕಿ ಕೇಳುವುದಕ್ಕೆ ಹೋಗುತ್ತದೆ” ಎಂದ. ವರ್ಷಕ್ಕೆ ೨೪೦ ದಿನವೆಂದರೆ ೯೬೦ ಗಂಟೆ. ಒಂದು ಲಕ್ಷದ ಖರ್ಚನ್ನು ಅವುಗಳ ಮೇಲೆ ಹಂಚಿದರೆ ಗಂಟೆಗೆ ೧೦೪ ರೂಪಾಯಿ ಮೇವಿಗೇ ಹೋಯಿತು. ನಾನು ಕೊಡಿಸಿದ್ದು ಗಂಟೆಗೆ ೨೦೦. ಒಬ್ಬ ಪದವೀಧರನ ಕೌಶಲಕ್ಕೆ ನನ್ನ ಚೌಕಾಸಿ ಉಳಿಸಿದ ಬೆಲೆ ೯೬ ರೂಪಾಯಿ!

ನಾವೇನು ಕೃಪಣರಲ್ಲ. ಸ್ಮರಣಸಂಚಿಕೆಯನ್ನು ಅಚ್ಚು ಹಾಕಿಸುವಾಗ ಕಾಗದದ ಬೆಲೆಯನ್ನು ಮರುಮಾತಿಲ್ಲದೆ ಕೊಡುತ್ತೇವೆ. ಕಾಗದ ಕಣ್ಣಿಗೆ ಕಾಣುತ್ತದೆ, ತಕ್ಕಡಿಯಲ್ಲಿ ತೂಗುತ್ತದೆ. ಜಾಲತಾಣಕ್ಕೆ ತೂಕವಿಲ್ಲ. ಜೊತೆಗೆ, ಅಲ್ಲಿ ಎಲ್ಲವೂ ಬಿಟ್ಟಿಯೆಂಬ ಭ್ರಮೆ ಬೇರೆ. ಜಿನೀವಾದ ಸರ್ನ್ ಸಂಸ್ಥೆ ೧೯೯೩ರಲ್ಲಿ ವೆಬ್ಬಿನ ತಂತ್ರಾಂಶವನ್ನು ಲೋಕಕ್ಕೆ ಮುಕ್ತವಾಗಿ ಒಪ್ಪಿಸಿತು. ೨೦೦೩ರಿಂದ ವರ್ಡ್‌ಪ್ರೆಸ್ ಎಂಬ ಸಾಧನವೂ ಯಾರಿಗಾದರೂ ಉಚಿತವಾಗಿ ಸಿಕ್ಕುತ್ತಿದೆ. ನಿಜ. ಆದರೆ ಬಾವಿಯ ನೀರು ಬಿಟ್ಟಿಯಾದರೂ ಸೇದುವವನ ರಟ್ಟೆ ಬಿಟ್ಟಿಯಲ್ಲ.

ಕಸುಬುದಾರರದೂ ತಪ್ಪುಂಟು. ನೆರೆಯವನು ಎಷ್ಟು ಕೇಳಿದನೆಂದು ನೋಡಿ ಅದಕ್ಕಿಂತ ಕಡಮೆ ಕೇಳುವುದು ವ್ಯಾಪಾರವಲ್ಲ, ಆತ್ಮಹಾನಿ. ತಿಂಗಳಿಗೆ ೩೫,೦೦೦ ಉಳಿಯಬೇಕಾದರೆ ನನ್ನ ಶಿಷ್ಯನ ಗಂಟೆಯ ದರ ೫೪೦ಕ್ಕೆ ಕಡಮೆಯಾಗಕೂಡದು. ಈ ಗಣಿತವನ್ನು ಅವನು ಮೊದಲ ದಿನವೇ ಮಾಡಬೇಕಾಗಿತ್ತು. ಕರಾರನ್ನು ಬರೆಹದಲ್ಲಿಡುವುದು, ಅರ್ಧ ಹಣವನ್ನು ಮುಂಗಡ ಪಡೆಯುವುದು, ವರ್ಷವರ್ಷದ ನಿರ್ವಹಣೆಗೆ ಬೇರೆ ದರ ಹೇಳುವುದು, ಇವು ದುರಾಸೆಯಲ್ಲ. ನೋಂದಾಯಿತ ಸಣ್ಣ ಉದ್ಯಮಗಳ ಬಾಕಿಯನ್ನು ಹೆಚ್ಚೆಂದರೆ ೪೫ ದಿನಗಳಲ್ಲಿ ತೀರಿಸಬೇಕೆಂದೂ ತಪ್ಪಿದರೆ ಚಕ್ರಬಡ್ಡಿ ತೆರಬೇಕೆಂದೂ ೨೦೦೬ರ ಕೇಂದ್ರ ಕಾಯಿದೆಯೇ ವಿಧಿಸಿದೆ. ಆದರೆ ತನ್ನ ಮೇಷ್ಟರ ಮೇಲೆ ಯಾವ ಶಿಷ್ಯ ಕಾಯಿದೆಯನ್ನು ಎತ್ತಿಯಾನು? ವಾತ್ಸಲ್ಯದ ಮರೆಯಲ್ಲಿ ನಡೆಯುವ ಶೋಷಣೆಗೆ ನ್ಯಾಯಾಲಯವಿಲ್ಲ.

ಕಾಯಕದ ಮಹಿಮೆಯನ್ನು ತರಗತಿಯಲ್ಲಿ ವರ್ಷವರ್ಷವೂ ವಿವರಿಸುವವನು ನಾನು. ಕಾಯಕ ಮಾಡಿದವನ ಕೂಲಿಯನ್ನು ಹಿಡಿದಿಡಬಾರದೆಂಬುದು ಆ ಪಾಠದ ಇನ್ನೊಂದು ಮಗ್ಗುಲು. ಕಳೆದ ವಾರ ಉಳಿದ ೬,೦೦೦ ರೂಪಾಯಿಗಳನ್ನು ನನ್ನ ಕೈಯಿಂದಲೇ ಕೊಟ್ಟುಬಂದೆ. “ಬೇಡ ಸಾರ್” ಎಂದು ಸಂಕೋಚಪಟ್ಟ. “ಇದು ದಾನವಲ್ಲಪ್ಪ, ಬಾಕಿ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ರಸೀದಿ ಬರೆದುಕೊಟ್ಟ.