ಹಾಲಿಡೇ ಲೆಟ್: ಹಳೆಯ ಲೆಕ್ಕ ಈಗ ನಡೆಯುವುದಿಲ್ಲ

ಕಾರ್ನ್‌ವಾಲ್‌ನಲ್ಲೋ ವೇಲ್ಸ್‌ನಲ್ಲೋ ಸಾಲ ಮಾಡಿ ಒಂದು ಕಾಟೇಜ್ ಕೊಂಡು ಏರ್‌ಬಿಎನ್‌ಬಿಗೆ ಹಾಕುವ ಆಸೆ ಬ್ರಿಟನ್ನಿನ ನಮ್ಮವರಲ್ಲಿ ಇನ್ನೂ ಇದೆ. ಆದರೆ ಆ ಲೆಕ್ಕಕ್ಕೆ ಆಧಾರವಾಗಿದ್ದ 'ಫರ್ನಿಶ್ಡ್ ಹಾಲಿಡೇ ಲೆಟ್' ತೆರಿಗೆ ಸೌಲಭ್ಯ 2025ರ ಏಪ್ರಿಲ್‌ನಲ್ಲೇ ರದ್ದಾಗಿದೆ.

ನೀವು 40% ತೆರಿಗೆ ಕಟ್ಟುವವರು ಎಂದಿಟ್ಟುಕೊಳ್ಳಿ. ವರ್ಷದ ಬಾಡಿಗೆ 24,000 ಪೌಂಡ್. ಕ್ಲೀನಿಂಗ್, ಕಮಿಷನ್, ರಿಪೇರಿಗೆ 8,000. ಮಾರ್ಟ್‌ಗೇಜ್ ಬಡ್ಡಿ 12,000. ಉಳಿಯುವುದು 4,000. ಮೊದಲು ಇಷ್ಟಕ್ಕೆ ಮಾತ್ರ ತೆರಿಗೆ, 1,600 ಪೌಂಡ್. ಈಗ ಬಡ್ಡಿಯನ್ನು ಖರ್ಚೆಂದು ಕಳೆಯುವ ಹಾಗಿಲ್ಲ. 16,000ಕ್ಕೆ ತೆರಿಗೆ 6,400. ಅದರಲ್ಲಿ ಬಡ್ಡಿಯ 20%, ಅಂದರೆ 2,400 ರಿಯಾಯಿತಿ. ಕಟ್ಟಬೇಕಾದ್ದು 4,000. ಕೈಗೆ ಸೊನ್ನೆ! ಬಾಯ್ಲರ್ ಕೆಟ್ಟರೆ ಸಂಬಳದಿಂದಲೇ ಹಾಕಬೇಕು.

ಇದು ಅನ್ಯಾಯ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕುಟುಂಬಗಳಿಗೆ ವರ್ಷಗಟ್ಟಲೆ ಬಾಡಿಗೆಗೆ ಕೊಡುವ ಮಾಲೀಕರ ಮೇಲೆ ಇದೇ ನಿಯಮ 2020ರಿಂದ ಪೂರ್ತಿಯಾಗಿ ಜಾರಿಯಲ್ಲಿದೆ. ಪ್ರವಾಸಿಗರಿಗೆ ಕೊಡುವವರಿಗಷ್ಟೇ ವಿನಾಯಿತಿ ಯಾಕೆ?

ಸ್ಥಳೀಯ ನಿಯಮಗಳನ್ನೂ ನೋಡಿ. ಲಂಡನ್‌ನಲ್ಲಿ ಇಡೀ ಮನೆಯನ್ನು ವರ್ಷಕ್ಕೆ 90 ರಾತ್ರಿಗಿಂತ ಹೆಚ್ಚು ಕೊಡಲು ಪ್ಲಾನಿಂಗ್ ಅನುಮತಿ ಬೇಕು. ಬಿಸಿನೆಸ್ ರೇಟ್ಸ್‌ಗೆ ಸೇರಬೇಕೆಂದರೆ ಇಂಗ್ಲೆಂಡ್‌ನಲ್ಲಿ 70 ರಾತ್ರಿ, ವೇಲ್ಸ್‌ನಲ್ಲಿ 182 ದಿನ ನಿಜಕ್ಕೂ ಬಾಡಿಗೆಗೆ ಹೋಗಿರಬೇಕು. ಹೋಗದಿದ್ದರೆ ಕೌನ್ಸಿಲ್ ಟ್ಯಾಕ್ಸ್. ಮೇಲೆ ಎರಡನೇ ಮನೆಯೆಂದು ಇಂಗ್ಲೆಂಡ್‌ನಲ್ಲಿ 100%, ವೇಲ್ಸ್‌ನಲ್ಲಿ 300% ವರೆಗೆ ಹೆಚ್ಚುವರಿ ಹಾಕುವ ಅಧಿಕಾರ ಕೌನ್ಸಿಲ್‌ಗಿದೆ.

ಕಂಪನಿ ಹೆಸರಲ್ಲಿ ಕೊಂಡರೆ? ಬಡ್ಡಿ ಪೂರ್ತಿ ಕಳೆಯಬಹುದು, ನಿಜ. ಆದರೆ ಲಾಭವನ್ನು ಮನೆಗೆ ತರುವಾಗ ಡಿವಿಡೆಂಡ್ ತೆರಿಗೆ ಬೀಳುತ್ತದೆ. ಈಗಾಗಲೇ ನಿಮ್ಮ ಹೆಸರಲ್ಲಿರುವ ಮನೆಯನ್ನು ಕಂಪನಿಗೆ ವರ್ಗಾಯಿಸಿದರೆ ಸಾಮಾನ್ಯವಾಗಿ ಸ್ಟ್ಯಾಂಪ್ ಡ್ಯೂಟಿಯೂ ಸೇರುತ್ತದೆ.